ಖಾಲಿ ಮನೆಯ ಸಂಜೆದೀಪ

ಬೈರಸಂದ್ರದ ಕೆರೆಯ ಏರಿಯಿಂದ ಇಳಿದು ಊರೊಳಗೆ ಬಂದರೆ, ಗುಡಿಯ ಹಿಂದಿನ ಓಣಿಯಲ್ಲಿ ಒಂದೇ ಸೂರಿನ ಕೆಳಗೆ ಮೂರು ಹೆಂಚಿನ ಮನೆಗಳಿದ್ದವು. ಅವುಗಳ ಒಡತಿ ಮುನಿವೆಂಕಟಮ್ಮ. ಕೊನೆಯ ಮನೆಯಲ್ಲಿ ಆಕೆ ಒಬ್ಬಳೇ ಇದ್ದಳು. ನಡುವಿನ ಮನೆಯಲ್ಲಿ ಪ್ರಾಥಮಿಕ ಶಾಲೆಯ ಅನಂತರಾಮು ಮೇಷ್ಟ್ರೂ ಅವರ ಹೆಂಡತಿ ಸರಸ್ವತಿಯೂ ಬಾಡಿಗೆಗಿದ್ದರು. ಓಣಿಯ ಬಾಯಿಗಿದ್ದ ಮುಂದಿನ ಮನೆಯಲ್ಲಿ ಬಟ್ಟೆ ಗಿರಣಿಯ ಗುಮಾಸ್ತನೊಬ್ಬನ ಸಂಸಾರ ಆರು ವರ್ಷದಿಂದ ಇತ್ತು. ಈ ಎರಡು ಮನೆಗಳ ಬಾಡಿಗೆಯಲ್ಲಿಯೇ ಮುನಿವೆಂಕಟಮ್ಮನ ಊಟ, ಬಟ್ಟೆ, ಹಬ್ಬ, ಹರಕೆ ಎಲ್ಲವೂ ನಡೆಯಬೇಕಾಗಿತ್ತು.

ಮನೆಗಳನ್ನು ಕಟ್ಟಿಸಿದವನು ಆಕೆಯ ಗಂಡ ಚಿಕ್ಕಬೈರಪ್ಪ. ಊರಿನ ಪಡುವಣಕ್ಕೆ ಅವರಿಗೆ ಮೂರೂವರೆ ಎಕರೆ ಹೊಲವಿತ್ತು. ರಾಗಿಯ ಸಾಲುಗಳ ನಡುವೆ ಅವರೆಯನ್ನೂ ಹುಚ್ಚೆಳ್ಳನ್ನೂ ಬಿತ್ತುತ್ತಿದ್ದರು. ಜಯನಗರದ ಬಡಾವಣೆ ಬಂದಾಗ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದವರು ಬಂದು ಹೊಲದ ಉದ್ದಗಲಕ್ಕೆ ಸರಪಳಿ ಎಳೆದರು. ಕೆಲವು ದಿನಗಳ ಮೇಲೆ ಒಂದು ಕಾಗದ ಬಂದಿತು. ಚಿಕ್ಕಬೈರಪ್ಪ ಹೆಬ್ಬೆಟ್ಟು ಒತ್ತಿದ. ಪರಿಹಾರದ ಹಣವೇನೋ ಸರಿಯಾಗಿಯೇ ಕೈಸೇರಿತು. ಆದರೆ ಅದೇ ವರ್ಷ ಹೊಲದಲ್ಲಿ ಕಲ್ಲುಗಳನ್ನು ನೆಟ್ಟರು. ಮರುವರ್ಷ ರಾಗಿ ತೂಗಾಡುತ್ತಿದ್ದ ಜಾಗದಲ್ಲಿ ಮೋರಿ ಬಂದಿತು.

"ಹೊಲ ಉಳೋದು ಮುಗೀತು ಕಣೆ, ಇನ್ಮೇಲೆ ಮನೆ ಉತ್ಕೊಂಡು ತಿನ್ನಾನ" ಎಂದು ಚಿಕ್ಕಬೈರಪ್ಪ ನಗುತ್ತಲೇ ಇಟ್ಟಿಗೆ ತರಿಸಿದ್ದ.

ಐವತ್ತಾರನೆಯ ಇಸವಿಯಲ್ಲಿ ಅವನು ತೀರಿಕೊಂಡಾಗ, ಸ್ವಾಧೀನವಾಗದೆ ಉಳಿದಿದ್ದ ಒಂದು ಪಟ್ಟೆಯಷ್ಟು ನೆಲದಲ್ಲಿ, ಹೊಂಗೆಯ ಮರದ ಬುಡದಲ್ಲಿ ಅವನನ್ನು ಮಣ್ಣು ಮಾಡಿದರು. ಎರಡು ವರ್ಷಗಳಲ್ಲಿ ಆ ಪಟ್ಟೆಗೂ ಕಾಗದ ಬಂದಿತು. ಈಗ ಅಲ್ಲಿ ರಸ್ತೆಯಿದೆ, ರಸ್ತೆಯ ಎರಡು ಬದಿಗೂ ತಾರಸಿ ಮನೆಗಳಿವೆ. ಹೊಂಗೆಯ ಮರವಿಲ್ಲ. ಮುನಿವೆಂಕಟಮ್ಮ ಆ ಕಡೆ ಹೋಗಬೇಕಾದಾಗಲೆಲ್ಲ ರಸ್ತೆಯ ಅಂಚನ್ನೇ ಹಿಡಿದು ನಡೆಯುತ್ತಿದ್ದಳು. ಎಲ್ಲಿ ಕಾಲಿಡಬಾರದೆಂಬುದು ಆಕೆಗೆ ಖಚಿತವಾಗಿ ತಿಳಿಯದು.

ಅಂದಿನಿಂದ ಕಾಗದವೆಂದರೆ ಆಕೆಯ ಎದೆ ಹಾರುತ್ತಿತ್ತು. ಅಂಚೆಯವನ ಖಾಕಿ ಕಂಡರೂ ಸಾಕು, ಸೆರಗು ಬಾಯಿಗೆ ಬರುತ್ತಿತ್ತು.

ಅರವತ್ತೆರಡರ ಚಳಿಗಾಲದ ಕೊನೆಯಲ್ಲಿ ಗಿರಣಿಯ ಗುಮಾಸ್ತನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಅವನು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟ. ಮುನಿವೆಂಕಟಮ್ಮನಿಗೆ ದುಃಖವಾಗಲಿಲ್ಲ. ಆ ಮನೆಯನ್ನು ಆಕೆ ಮನಸ್ಸಿನಲ್ಲಿ ಆಗಲೇ ಮಗಳಿಗೆ ಕೊಟ್ಟಾಗಿತ್ತು. ಒಬ್ಬಳೇ ಮಗಳು ಗೌರಮ್ಮನನ್ನು ಉತ್ತರಹಳ್ಳಿಗೆ ಕೊಟ್ಟಿದ್ದರು. ಅಳಿಯ ಬೋರಣ್ಣನಿಗೆ ಲಾಲ್‌ಬಾಗಿನಲ್ಲಿ ಮಾಲಿಯ ಕೆಲಸ ಸಿಕ್ಕಿತ್ತು. ದಿನವೂ ಉತ್ತರಹಳ್ಳಿಯಿಂದ ನಡೆದು ಬಂದು ನಡೆದು ಹೋಗುತ್ತಿದ್ದ. ಗೌರಮ್ಮ ಬಂದು ಮುಂದಿನ ಮನೆಯಲ್ಲಿ ಕುಳಿತರೆ ತಾಯಿಗೆ ಕೂಗಳತೆಯಲ್ಲಿ ಮಗಳು, ಅಳಿಯನಿಗೆ ಕೂಗಳತೆಯಲ್ಲಿ ಕೆಲಸ. ಆದರೆ ಗೌರಮ್ಮನ ಅತ್ತೆ, "ಯುಗಾದಿ ಹೊಸತೊಡಕು ಕಳೀಲಿ, ಅಲ್ಲೀಗಂಟ ಸೊಸೇನ ಕಳ್ಸಾಕಿಲ್ಲ" ಎಂದುಬಿಟ್ಟಿದ್ದಳು. ಹೊಸತೊಡಕು ಯುಗಾದಿಯ ಮರುದಿನ; ಯುಗಾದಿಗೋ ಇನ್ನೂ ಎರಡು ತಿಂಗಳಿತ್ತು.

ಗಾಡಿ ಹೋದ ನಾಲ್ಕನೆಯ ದಿನ ಅನಂತರಾಮು ಮೇಷ್ಟ್ರು ಶಾಲೆಯಿಂದ ಬಂದವರು ಜಗುಲಿಯ ಮೇಲೆ ಕುಳಿತು ಕೇಳಿದರು.

"ಮುನಿವೆಂಕಟಮ್ಮನೋರೆ, ಮುಂದಿನ ಮನೆ ಖಾಲಿಯಾಯ್ತಲ್ಲ, ಬಾಡಿಗೆ ಕಂಟ್ರೋಲರ್ ಕಛೇರಿಗೆ ಬರೆದು ಹಾಕಿದ್ರಾ?"

"ಅದ್ಯಾಕೆ ಮೇಷ್ಟ್ರೆ? ನಮ್ಮನೆ, ನಮ್ ಬೀಗ."

"ಹಾಗಲ್ಲ. ಖಾಲಿಯಾದ ಹದಿನೈದು ದಿನದೊಳಗೆ ತಿಳಿಸಬೇಕು ಅಂತ ಕಾನೂನಿದೆ. ಬೆಂಗಳೂರಲ್ಲಿ ಮನೆಗಳೇ ಸಿಗ್ತಾ ಇಲ್ಲ ನೋಡಿ. ಬೇಕಾದ್ರೆ ಅವರು ಆ ಮನೇನ ಯಾರಾದ್ರೂ ಸರ್ಕಾರಿ ನೌಕರರಿಗೆ ಕೊಡಬಹುದು. ಆದ್ರೆ ಅದರಲ್ಲೇ ಇನ್ನೊಂದು ವಿಚಾರ..."

ಇನ್ನೊಂದು ವಿಚಾರವನ್ನು ಕೇಳಲು ಮುನಿವೆಂಕಟಮ್ಮ ಅಲ್ಲಿರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

"ಪೂರ್ತಿ ಕೇಳಿಸ್ಕೊಳ್ಳಿ" ಎಂದು ಮೇಷ್ಟ್ರು ಎರಡು ಸಲ ಕರೆದರು.

"ಬ್ಯಾಡ ಮೇಷ್ಟ್ರೆ, ನಿಮ್ ದಮ್ಮಯ್ಯ. ನಿಮ್ ಬಾಯಿಂದ ಅದು ಬರೋದೇ ಬ್ಯಾಡ. ಹೊಲ ಹೋಗಿದ್ದೂ ಹಿಂಗೇಯ, ಬೇಕಾದ್ರೆ ತಗೋಬೌದು ಅಂತ" ಎಂದು ಒಳಗಿನಿಂದಲೇ ಉತ್ತರ ಬಂದಿತು.

ಮೇಷ್ಟ್ರು ಎದ್ದು ತಮ್ಮ ಮನೆಗೆ ಹೋದರು. ಹೆದರಿದ ಮಕ್ಕಳಿಗೆ ಆ ಗಳಿಗೆಯಲ್ಲಿ ಪಾಠ ಹತ್ತುವುದಿಲ್ಲವೆಂದು ಬಲ್ಲವರು; ನಾಳೆ ಹೇಳೋಣವೆಂದುಕೊಂಡರು. ಮರುದಿನವೂ ಆಕೆ ಅವರನ್ನು ಕಂಡೊಡನೆ ಬಾವಿಯ ಕಡೆಗೆ ತಿರುಗಿಬಿಟ್ಟಳು. ಹಾಗೆಯೇ ದಿನ ಕಳೆಯಿತು.

ಮನೆ ಖಾಲಿಯಿದ್ದರೂ ಮುಸ್ಸಂಜೆಯಲ್ಲಿ ಅದನ್ನು ಕತ್ತಲಲ್ಲಿ ಬಿಡಬಾರದೆಂಬ ರೂಢಿ ಆ ಊರಿನದು. ಆಕೆಯೂ ದಿನವೂ ಬೀಗ ತೆಗೆದು, ಒಳಗಿನ ಗೂಡಿನಲ್ಲಿ ಒಂದು ಹಣತೆ ಹಚ್ಚಿಟ್ಟು ಬರುತ್ತಿದ್ದಳು. ಒಂದು ಸಂಜೆ ಹೂ ಮಾರುವವಳು ಕಿಟಕಿಯ ಬೆಳಕು ನೋಡಿ, "ಹೊಸಬ್ರು ಬಂದ್ರೇನಕ್ಕ?" ಎಂದಳು. ಮುನಿವೆಂಕಟಮ್ಮ ಏನನ್ನೂ ಯೋಚಿಸದೆ, "ಊಂ" ಎಂದಳು.

ಆ ಒಂದು "ಊಂ" ಆಕೆಗೆ ದಾರಿ ತೋರಿಸಿತು. ಮನೆಯಲ್ಲಿ ಜನ ಇದ್ದಾರೆಂದರೆ ಮನೆ ಖಾಲಿಯಿಲ್ಲ. ಖಾಲಿಯಿಲ್ಲವೆಂದರೆ ಯಾರಿಗೂ ಏನನ್ನೂ ಬರೆಯಬೇಕಾಗಿಲ್ಲ. ಮರುದಿನ ಬೆಳಗ್ಗೆ ಆ ಮನೆಯ ಮುಂದೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಳು. ಒಳಗಿನ ಒಲೆಗೆ ಎರಡು ಕಟ್ಟಿಗೆ ಇಟ್ಟು ಹೆಂಚಿನ ಸಂದಿಯಿಂದ ಹೊಗೆ ಏಳುವಂತೆ ಮಾಡಿದಳು. ಹೊಸಿಲ ಹತ್ತಿರ ಹಳೆಯ ಎಕ್ಕಡ ಇಟ್ಟಳು. ಪೆಟ್ಟಿಗೆಯ ತಳದಲ್ಲಿ ಆರು ವರ್ಷದಿಂದ ಮಡಿಸಿಟ್ಟಿದ್ದ ಗಂಡನ ಪಂಚೆಯನ್ನು ತೆಗೆದು, ಒಗೆದು, ಮುಂದಿನ ಮನೆಯ ಹಗ್ಗದ ಮೇಲೆ ಹರವಿದಳು. ಅದು ಒಣಗಿದ ಮೇಲೆ ಮಡಿಸಿ ಇಟ್ಟು, ಎರಡು ದಿನ ಬಿಟ್ಟು ಮತ್ತೆ ಒಗೆದಳು.

ಸರಸ್ವತಿಗೆ ಇದು ತಿಳಿಯದೆ ಇರುತ್ತದೆಯೇ? ನಡುವೆ ಒಂದು ಗೋಡೆ ಮಾತ್ರ.

"ನಿಮ್ಮ ಹೊಸ ಬಾಡಿಗೆಯವರು ಬಹಳ ಒಳ್ಳೆಯವರು ಕಣ್ರೀ. ಕೆಮ್ಮಲ್ಲ, ಜಗಳ ಆಡಲ್ಲ, ಒಂದು ಕೊಡ ನೀರೂ ಕೇಳಲ್ಲ" ಎಂದಳು ಬಾವಿಕಟ್ಟೆಯಲ್ಲಿ.

"ನಗಬ್ಯಾಡ್ರವ್ವ. ನನ್ ಸಂಕಟ ನಂಗೆ."

"ಇಷ್ಟು ಸಂಕಟ ಯಾಕೆ ಪಡ್ತೀರಿ? ಇವರು ಅವತ್ತು ಏನೋ ಹೇಳೋಕೆ ಬಂದ್ರಂತೆ..."

"ಬ್ಯಾಡ" ಎಂದು ಮುನಿವೆಂಕಟಮ್ಮ ಕೊಡವನ್ನು ಸೊಂಟಕ್ಕೇರಿಸಿದಳು. ಹಗ್ಗವನ್ನು ಬಾವಿಗೇ ಬಿಟ್ಟುಬಂದದ್ದು ಮನೆ ಸೇರಿದ ಮೇಲೆ ನೆನಪಾಯಿತು.

ಹದಿನೈದು ದಿನಗಳು ಕಳೆದುಹೋದವು. ಇನ್ನು ಬರೆದು ಹಾಕಿದರೂ ತಪ್ಪು, ಬಿಟ್ಟರೂ ತಪ್ಪು ಎನ್ನುವಂತಾಯಿತು. ಆಗ ಬಂದವನು ಕೊಟ್ರಪ್ಪ. ಸೈಕಲ್ಲಿನ ಮೇಲೆ ಬೀದಿ ಬೀದಿ ತಿರುಗಿ, ಬಾಡಿಗೆಯವರಿಗೆ ಮನೆ ತೋರಿಸಿ ದಲ್ಲಾಳಿ ಹಣ ತೆಗೆದುಕೊಳ್ಳುವುದು ಅವನ ಕಸುಬು. ಓಣಿಯ ಬಾಯಲ್ಲಿ ಒಂದು ಕಾಲು ಊರಿ ನಿಂತು, ಮುಂದಿನ ಮನೆಯ ರಂಗೋಲಿಯನ್ನೂ ಬೀಗವನ್ನೂ ನಿಧಾನವಾಗಿ ನೋಡಿದ.

"ಅಮ್ಮಾ, ಈ ಮನೆ ಖಾಲಿ ಅಂತಲ್ಲ?"

"ಯಾರಂದೋರು? ಜನ ಅವ್ರೆ."

"ಎಷ್ಟು ಜನ?"

"ಇಬ್ರು."

"ಮೂರು ದಿನದಿಂದ ಈ ಕಡೆ ಓಡಾಡ್ತಿದೀನಿ, ಒಬ್ಬರ ಮುಖಾನೂ ಕಾಣ್ಲಿಲ್ಲ. ಪಂಚೆ ಮಾತ್ರ ತಾನೇ ಸ್ನಾನ ಮಾಡ್ಕೊಂಡು ಹಗ್ಗದ ಮೇಲೆ ಕೂತ್ಕೊಳ್ತದೆ." ಅವನು ನಕ್ಕ. "ನನಗೆ ಬಿಡಿ ಅಮ್ಮಾ, ಒಳ್ಳೆ ಪಾರ್ಟಿ ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ಖಾಲಿ ಮನೆ ಎಲ್ಲಿದೆ ಅಂತ ಕಛೇರಿಗೆ ಅರ್ಜಿ ಕೊಡೋಕೆ ಕಾಯ್ತಾ ಇರೋರು ಬೇಕಾದಷ್ಟು ಜನ ಇದಾರೆ. ನಾನು ಹೇಳ್ತೀನಿ ಅಂತಲ್ಲ. ಗೋಡೆಗೂ ಬಾಯಿರ್ತದೆ."

"ಹೋಗಪ್ಪ, ಹೋಗು. ನನ್ ಮಗಳು ಬತ್ತಾಳೆ ಇಲ್ಲಿಗೆ."

"ಬರ್ತಾಳೆ ಅಂದ್ರೆ ಇನ್ನೂ ಬಂದಿಲ್ಲ ಅಂತ ಆಯ್ತು!" ಎಂದು ಕೊಟ್ರಪ್ಪ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದ.

ತನ್ನ ಬಾಯಿಂದಲೇ ಮಾತು ಜಾರಿದ್ದನ್ನು ನೆನೆದು ಮುನಿವೆಂಕಟಮ್ಮ ಅಂದು ತಟ್ಟೆಯ ಮುದ್ದೆಯನ್ನು ಹಾಗೆಯೇ ಮುಚ್ಚಿಟ್ಟಳು. ಅಂದಿನಿಂದ ಯಾವ ಸೈಕಲ್ ಗಂಟೆ ಕೇಳಿದರೂ ಬೆಚ್ಚುವಳು. ಗುಡಿಗೆ ಹೋಗುವುದನ್ನು ಬಿಟ್ಟಳು. ತಾನಿಲ್ಲದಾಗ ಯಾರಾದರೂ ಬಂದರೆ? ಮಗಳಿಗೆ ಎರಡು ಸಲ ಹೇಳಿ ಕಳುಹಿಸಿದಳು. ಹೊಸತೊಡಕು ಕಳೆಯಲಿ ಎಂಬ ಒಂದೇ ಉತ್ತರ ಎರಡು ಸಲವೂ ಬಂದಿತು. ಸುಣ್ಣ ಬಳಿದ ತನ್ನ ಗೋಡೆಗಳನ್ನು ಕಂಡರೆ ಆಕೆಗೆ ಈಗ ಹೊಲದ ಕಲ್ಲುಗಳು ನೆನಪಾಗುತ್ತಿದ್ದವು. ಬದುಕಿಗೆ ಆಸರೆಯಾಗಲೆಂದು ಕಟ್ಟಿಸಿದ ಮನೆಯನ್ನೇ ಕಾವಲು ಕಾಯುವುದೇ ಆಕೆಯ ಬದುಕಾಯಿತು.

ಯುಗಾದಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಕೋಟು ಹಾಕಿದ ಒಬ್ಬರು ಓಣಿಯೊಳಗೆ ಬಂದರು. ಕಂಕುಳಲ್ಲಿ ರಟ್ಟಿನ ಪುಸ್ತಕವಿತ್ತು. ಬಾಡಿಗೆ ಕಛೇರಿಯ ಇನ್‌ಸ್ಪೆಕ್ಟರ್ ಶಂಭುಲಿಂಗಪ್ಪ ಎಂದು ತಮ್ಮ ಹೆಸರು ಹೇಳಿ, ಜಗುಲಿಯ ತುದಿಯಲ್ಲಿ ಕುಳಿತು ಬೆವರು ಒರೆಸಿಕೊಂಡರು. ಗದರಿಸುವ ಮನುಷ್ಯರಲ್ಲ. ಕುಡಿಯಲು ನೀರು ಕೇಳಿದರು. ಸರಸ್ವತಿ ತಂದುಕೊಟ್ಟಳು.

"ಈ ಮುಂದಿನ ಮನೇಲಿ ಯಾರಿದಾರಮ್ಮ?"

ಆಕೆ ಹಗ್ಗದ ಕಡೆ ನೋಡಿದಳು. ಇನ್‌ಸ್ಪೆಕ್ಟರರೂ ನೋಡಿದರು.

"ಆ ಪಂಚೆ ಯಾರದು?"

"ನಮ್ಮ ಯಜಮಾನ್ರದು, ಸೋಮಿ."

ಅದು ಸುಳ್ಳಲ್ಲ. ಅದಕ್ಕೇ ಅದು ಅಷ್ಟು ಸಲೀಸಾಗಿ ಬಂದಿತು.

"ಹಾಗಾದ್ರೆ ಅವರೇ ಇರೋದಾ ಈ ಮನೇಲಿ?"

"ಊಂ."

"ಹೆಸರು?"

ಮುನಿವೆಂಕಟಮ್ಮ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಆಕೆ ಜೀವಮಾನದಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. "ನಾನು ಹೇಳಬಾರ್ದು ಸೋಮಿ" ಎಂದು ಸರಸ್ವತಿಯ ಮುಖ ನೋಡಿದಳು. ಸರಸ್ವತಿಯ ಕೈಯಲ್ಲಿ ಖಾಲಿ ಲೋಟವಿತ್ತು. ಅವಳು ಮೇಷ್ಟ್ರ ಹೆಂಡತಿ. ಸುಳ್ಳು ಹೇಳಿ ರೂಢಿಯಿಲ್ಲ. ಆದರೆ ಕೇಳಿದ್ದು ಒಂದು ಹೆಸರು ತಾನೆ?

"ಚಿಕ್ಕಬೈರಪ್ಪ ಅಂತ" ಎಂದಳು ನೆಲ ನೋಡುತ್ತ.

ಶಂಭುಲಿಂಗಪ್ಪನವರು ಬರೆದುಕೊಂಡರು. "ಈಗ ಎಲ್ಲಿದಾರೆ? ಒಂದು ರುಜು ಬೇಕಿತ್ತು."

"ಹೊಲಕ್ಕೆ ಹೋಗವ್ರೆ."

"ಯಾವ ಹೊಲ? ಇಲ್ಲೆಲ್ಲಿದೆ ಹೊಲ?"

ಮುನಿವೆಂಕಟಮ್ಮನ ಕೈ ತಾನಾಗಿಯೇ ಪಡುವಣಕ್ಕೆ ಎದ್ದಿತು. ಅಲ್ಲಿ ಕಾಣುತ್ತಿದ್ದದ್ದು ಜಯನಗರದ ತಾರಸಿಗಳು ಮಾತ್ರ. ಇನ್‌ಸ್ಪೆಕ್ಟರರ ಕಣ್ಣು ಆ ಕೈ ತೋರಿಸಿದ ಕಡೆ ಹೋಗಿ, ಏನನ್ನೂ ಕಾಣದೆ, ಕೈಯ ಮೇಲೆಯೇ ಮರಳಿ ಬಂದಿತು. ಆ ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ. ಅವರು ನಿಧಾನವಾಗಿ ತಲೆಯೆತ್ತಿ ಆಕೆಯ ಹಣೆಯನ್ನು ನೋಡಿದರು. ಅಲ್ಲಿ ಕುಂಕುಮವಿರಲಿಲ್ಲ.

ಶಂಭುಲಿಂಗಪ್ಪನವರು ಪೆನ್ನಿಗೆ ಮುಚ್ಚಳ ಹಾಕಿದರು. ಬೈಯಲಿಲ್ಲ, ಮತ್ತೇನನ್ನೂ ಕೇಳಲಿಲ್ಲ. "ಬರ್ತೀನಮ್ಮ" ಎಂದು ಎದ್ದು ಹೋದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತೆಂದು ಮುನಿವೆಂಕಟಮ್ಮ ಮುಂದೆ ಅನೇಕ ಸಲ ಹೇಳಿದ್ದುಂಟು.

ಆಮೇಲಿನ ಐದು ದಿನ ಆಕೆ ಪಟ್ಟ ಪಾಡು ಹೇಳತೀರದು. ಪುಸ್ತಕದಲ್ಲಿ ಅವರು ಏನು ಬರೆದುಕೊಂಡರು? ಸತ್ತವನನ್ನು ಬದುಕಿದ್ದಾನೆಂದು ಹೇಳಿದ್ದಕ್ಕೆ ಜೈಲಿದೆಯೆ? ಮೂರೂ ಮನೆಗಳನ್ನು ತೆಗೆದುಕೊಳ್ಳುತ್ತಾರೆಯೆ? ಆಕೆ ಪಂಚೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಹೆಸರು ಹೇಳಿಸಿ ಅವನನ್ನೂ ಇದಕ್ಕೆ ಎಳೆದು ತಂದೆನಲ್ಲ ಎಂದು ಪೆಟ್ಟಿಗೆಯ ಮುಂದೆ ಕುಳಿತು ಅತ್ತಳು. ರಂಗೋಲಿ ಹಾಕುವ ಧೈರ್ಯ ಹೋಯಿತು. ಸಂಜೆಯ ದೀಪವನ್ನು ಮಾತ್ರ ಬಿಡಲಾರದೆ, ಕಳ್ಳಿಯಂತೆ ಹೋಗಿ ಹಚ್ಚಿ ಬರುತ್ತಿದ್ದಳು.

ಆರನೆಯ ದಿನ ಅಂಚೆಯಲ್ಲಿ ಕಾಗದ ಬಂದಿತು. ಅದನ್ನು ಮುಟ್ಟದೆ, ಜಗುಲಿಯ ಮೇಲೆ ಒಂದು ಕಲ್ಲು ಹೇರಿ ಇಟ್ಟು, ಮೇಷ್ಟ್ರು ಬರುವವರೆಗೆ ಅದನ್ನೇ ನೋಡುತ್ತ ಕುಳಿತಿದ್ದಳು. ವಿಚಾರಣೆಗೆ ಹಾಜರಾಗಬೇಕೆಂದು ಅದರಲ್ಲಿತ್ತು.

ಮೇಷ್ಟ್ರು ಒಂದು ದಿನ ರಜೆ ಹಾಕಿ ಜೊತೆಗೆ ಹೋದರು. ಕಛೇರಿಯ ಮೆಟ್ಟಿಲ ಮೇಲೆ ಆಕೆ ಎರಡು ಕಡೆ ಕುಳಿತು ಸುಧಾರಿಸಿಕೊಂಡಳು. ಒಳಗೆ ದೊಡ್ಡ ಮೇಜಿನ ಹಿಂದೆ ಕಂಟ್ರೋಲರ್ ಸಾಹೇಬರು ಕಡತ ನೋಡುತ್ತಿದ್ದರು.

"ಮನೆ ಖಾಲಿಯಾಗಿ ಎಷ್ಟು ದಿನವಾಯಿತಮ್ಮ?"

"ಐವತ್ತಾರು ದಿನ ಸೋಮಿ." ಆಕೆ ಒಂದೊಂದು ದಿನವನ್ನೂ ಎಣಿಸಿದ್ದಳು.

"ಯಾಕೆ ತಿಳಿಸಲಿಲ್ಲ?"

"ನನ್ ಮಗಳಿಗೆ ಅಂತ ಮಡಗಿದ್ದೆ. ಹೇಳಿದ್ರೆ ನೀವು ತಗೊಂಡ್ಬಿಡ್ತೀರಿ ಅಂತ ಹೆದ್ರಿಕೆ."

ಸಾಹೇಬರು ಕಡತದಿಂದ ತಲೆಯೆತ್ತಿದರು. "ಸ್ವಂತ ಉಪಯೋಗಕ್ಕೆ ಬೇಕು, ಮಗಳು ಬಂದಿರ್ತಾಳೆ ಅಂತ ಅದೇ ಕಾಗದದಲ್ಲಿ ಒಂದು ಮಾತು ಬರೆದಿದ್ರೆ ವಿಚಾರ ಮಾಡ್ತಿದ್ವಲ್ಲಮ್ಮ. ಅದಕ್ಕೂ ಕಾನೂನಲ್ಲಿ ದಾರಿ ಇದೆ."

"ಬರ್ದಿದ್ರೆ ಬಿಡ್ತಿದ್ರಾ ಸೋಮಿ?"

"ಬಹುಶಃ ಬಿಡ್ತಿದ್ವಿ."

ಮುನಿವೆಂಕಟಮ್ಮ ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು. ಅವರು ಅಂದು ಹೇಳಲು ಹೊರಟಿದ್ದ ಇನ್ನೊಂದು ವಿಚಾರ ಇದೇ ಆಗಿತ್ತು. ಬಾಗಿಲು ತಟ್ಟಿಯಾದರೂ ಹೇಳಬೇಕಿತ್ತೆಂಬ ಕೊರಗು ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

ಆಕೆಯ ವಯಸ್ಸನ್ನೂ ಸ್ಥಿತಿಯನ್ನೂ ನೋಡಿ ದಂಡ ಹಾಕಲಿಲ್ಲ. ಆದರೆ ಮನೆ ಅಷ್ಟರಲ್ಲಿ, ಅರ್ಜಿ ಹಾಕಿ ಕಾದಿದ್ದ ದನದ ಆಸ್ಪತ್ರೆಯ ಕಾಂಪೌಂಡರ್ ಏಕಾಂತಯ್ಯನವರ ಹೆಸರಿಗೆ ಬಾಡಿಗೆಗೆ ಮಂಜೂರಾಗಿತ್ತು. ಕಛೇರಿಗೆ ಮನೆಯ ಸುಳಿವು ಕೊಟ್ಟವರು ಯಾರೆಂಬುದು ತಿಳಿಯಲೇ ಇಲ್ಲ. ಕೊಟ್ರಪ್ಪ ಮಾತ್ರ ಆಮೇಲೆ ಆ ಓಣಿಗೆ ಬರಲಿಲ್ಲ.

ಹೊಸತೊಡಕು ಕಳೆದ ಮೂರನೆಯ ದಿನ ಗೌರಮ್ಮ ಗಂಡನೊಡನೆ ಗಾಡಿಯಲ್ಲಿ ಬಂದಳು. ಮುಂದಿನ ಮನೆಯ ಜಗುಲಿಯ ಮೇಲೆ ಗುರುತಿಲ್ಲದ ಹೆಂಗಸೊಬ್ಬಳು ಹಪ್ಪಳ ಒಣಗಿಸುತ್ತಿದ್ದುದನ್ನು ನೋಡಿ, "ಇದ್ಯಾರವ್ವ?" ಎಂದಳು. ಗಾಡಿಯ ಸಾಮಾನು ತಾಯಿಯ ಮನೆಯಲ್ಲಿಯೇ ಇಳಿಯಿತು. ಒಂದು ಕೋಣೆ, ಒಂದು ಅಡುಗೆಮನೆ. ಅಳಿಯ ಒಳಗೆ ಮಲಗಿದರೆ ಅತ್ತೆ ಒಲೆಯ ಪಕ್ಕ ಮಲಗಬೇಕು. ಬೋರಣ್ಣ ಸಂಕೋಚದಿಂದ ಜಗುಲಿಯ ಮೇಲೆಯೇ ಮಲಗುತ್ತಿದ್ದ, ಮಳೆಗಾಲದಲ್ಲಿ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದಾಗಲೆಲ್ಲ ಮುನಿವೆಂಕಟಮ್ಮ ಗೋಡೆಯ ಕಡೆ ಹೊರಳುತ್ತಿದ್ದಳು.

ಏಕಾಂತಯ್ಯನವರು ಕೆಟ್ಟವರಲ್ಲ. ಬಾಡಿಗೆ ತಪ್ಪಿಸಲಿಲ್ಲ. ಆದರೂ ಅವರು ಗೋಡೆಗೆ ಒಂದು ಮೊಳೆ ಹೊಡೆದರೆ ಆಕೆಗೆ ಎದೆಯಲ್ಲಿ ಹೊಡೆದಂತಾಗುತ್ತಿತ್ತು. ಇನ್ನು ಇವರು ಹೋಗುವುದೇ ಇಲ್ಲ, ಇಲ್ಲಿಯೇ ಬೇರು ಬಿಡುತ್ತಾರೆ, ಹೊಂಗೆಯ ಮರದ ಹಾಗೆ ಈ ಮನೆಯೂ ಎಲ್ಲಿತ್ತೆಂದು ಒಂದು ದಿನ ತಿಳಿಯದಂತಾಗುತ್ತದೆ ಎಂದು ಆಕೆ ಹೆದರುತ್ತಿದ್ದಳು.

ಆ ವರ್ಷಗಳಲ್ಲಿ ಆಕೆ ಒಂದು ಕೆಲಸ ಮಾಡಿದಳು. ಮಧ್ಯಾಹ್ನ ಸರಸ್ವತಿಯ ಮುಂದೆ ಸ್ಲೇಟು ಹಿಡಿದು ಕುಳಿತು ತನ್ನ ಹೆಸರು ಬರೆಯಲು ಕಲಿತಳು. "ಇಷ್ಟುದ್ದ ಹೆಸರು ಯಾಕಾದ್ರೂ ಇಟ್ನೋ ನಮ್ಮಪ್ಪ!" ಎಂದು ಒತ್ತಕ್ಷರದ ಹತ್ತಿರ ನಿಂತುಬಿಡುತ್ತಿದ್ದಳು. ಕಲಿಯಲು ಒಂದು ಮಳೆಗಾಲ ಹಿಡಿಯಿತು.

ಅರವತ್ತೇಳರಲ್ಲಿ ಏಕಾಂತಯ್ಯನವರಿಗೆ ವರ್ಗವಾಯಿತು. ಅವರ ಸಾಮಾನಿನ ಗಾಡಿ ಓಣಿ ದಾಟುವ ಮೊದಲೇ ಮುನಿವೆಂಕಟಮ್ಮ ಮೇಷ್ಟ್ರ ಬಾಗಿಲಲ್ಲಿ ನಿಂತಿದ್ದಳು.

"ಬರೀರಿ ಮೇಷ್ಟ್ರೆ. ಖಾಲಿಯಾಯ್ತು ಅಂತ ಬರೀರಿ. ನನ್ ಮಗಳಿಗೆ ಬೇಕು ಅಂತಾನೂ ಬರೀರಿ. ಅಳಿಯ ಜಗುಲಿ ಮ್ಯಾಲೆ ಮಲಗ್ತಾನೆ ಅಂತಾನೂ ಬರೀರಿ."

"ಅಷ್ಟೆಲ್ಲ ಬೇಡ ಕಣ್ರೀ."

"ಬರೀರಿ. ಒಂದೂ ಬಿಡಬ್ಯಾಡಿ."

ಕೆಳಗೆ ಆಕೆಯೇ ರುಜು ಹಾಕಿದಳು. ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ಅಂಚೆ ಕಛೇರಿಗೆ ತಾನೇ ನಡೆದು, ರಿಜಿಸ್ಟರ್ ಮಾಡಿಸಿ, ರಸೀದಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ, ಕಾಗದ ಚೀಲಕ್ಕೆ ಬಿದ್ದಿತೇ ಎಂದು ಕೇಳಿದಳು. ಚೀಲಕ್ಕೆ ಹಾಕುವವರೆಗೆ ಅಲ್ಲಿಯೇ ನಿಂತಿದ್ದಳು.

ಈ ಸಲವೂ ಶಂಭುಲಿಂಗಪ್ಪನವರೇ ವಿಚಾರಿಸಲು ಬಂದರು, ತಲೆ ನರೆತಿತ್ತು. ಕಛೇರಿಯ ಉತ್ತರ ಬರುವವರೆಗೆ ಮೂರು ವಾರ ಆ ಮನೆಗೆ ಬೀಗವಿತ್ತು. ಆ ಮೂರು ವಾರವೂ ಮುನಿವೆಂಕಟಮ್ಮ ಮುಸ್ಸಂಜೆ ಹೋಗಿ ಹಣತೆ ಹಚ್ಚಿಟ್ಟು, ಒಂದು ಗಳಿಗೆಯೂ ನಿಲ್ಲದೆ ಬರುತ್ತಿದ್ದಳು. ಒಲೆಗೆ ಕಟ್ಟಿಗೆ ಇಡಲಿಲ್ಲ, ಪೆಟ್ಟಿಗೆಯನ್ನು ತೆರೆಯಲಿಲ್ಲ. ಸ್ವಂತ ವಾಸಕ್ಕೆ ಬಿಟ್ಟಿದೆ ಎಂಬ ಕಾಗದವನ್ನು ಮೇಷ್ಟ್ರು ಓದಿ ಹೇಳಿದಾಗ, ಮತ್ತೊಮ್ಮೆ ಓದಿಸಿದಳು. ಆಮೇಲೆ ಸರಸ್ವತಿಯ ಕೈಯಿಂದಲೂ ಓದಿಸಿದಳು.

ಗೌರಮ್ಮ ಮುಂದಿನ ಮನೆಗೆ ಹೋದ ದಿನ ಸಂಜೆ, ಕತ್ತಲು ಕವಿಯುವ ಹೊತ್ತಿಗೆ, ಮುನಿವೆಂಕಟಮ್ಮ ಎಂದಿನಂತೆ ಎಣ್ಣೆಯ ಗಿಂಡಿಯನ್ನೂ ಬತ್ತಿಯನ್ನೂ ಹಿಡಿದು ಓಣಿಯ ಬಾಯಿಗೆ ಬಂದಳು. ಬೀಗದ ಕೈಗಾಗಿ ಸೊಂಟ ತಡವಿದಳು. ಕಿಟಕಿಯಲ್ಲಿ ಆಗಲೇ ಬೆಳಕಿತ್ತು.

"ಯಾರದು ಒಳಗೆ? ದೀಪ ಯಾರು ಹಚ್ಚಿದ್ದು?"

"ನಾನೇ ಕಣವ್ವ" ಎಂದು ಗೌರಮ್ಮ ಒಳಗಿನಿಂದ ಕೂಗಿದಳು. "ನನ್ ಮನೇಲಿ ಇನ್ಯಾರು ಹಚ್ತಾರೆ? ಬಾ ಒಳಿಕೆ."